ನೀರು ಹೋದರೆ ಹರಳು

ಕೇಳುಗರೇ, ನಮಸ್ಕಾರ.

ನಮ್ಮ ಸಾಗರ, ಸೊರಬದ ಕಡೆ ಆಲೆಮನೆ ಮುಗಿದ ಮೇಲೆ ಜೋನಿ ಬೆಲ್ಲವನ್ನು ಡಬ್ಬಕ್ಕೆ ತುಂಬಿ ಅಟ್ಟದ ಮೇಲೆ ಇಡುತ್ತಾರೆ. ಮಳೆಗಾಲದಲ್ಲಿ ಡಬ್ಬ ತೆಗೆದರೆ ತಳದಲ್ಲಿ ಸಕ್ಕರೆ ಹರಳು. ಚಿಕ್ಕವರಿದ್ದಾಗ ಅದನ್ನೇ ಕೆದಕಿ ತಿನ್ನುತ್ತಿದ್ದೆವು. ಪಾಕದಲ್ಲಿ ನೀರು ಕಡಿಮೆಯಾದಷ್ಟೂ ಹರಳು ಜಾಸ್ತಿ. ಕೊಪ್ಪರಿಗೆ ಮುಂದೆ ನಿಂತವರಿಗೆ ಇದು ಗೊತ್ತೇ ಇದೆ, ಅಲ್ವಾ?

ಜ್ವಾಲಾಮುಖಿಯಲ್ಲೂ ಹೀಗೇ ಆಗುತ್ತದೆ. ಆಳದಲ್ಲಿರುವ ಕರಗಿದ ಕಲ್ಲಿಗೆ ಮ್ಯಾಗ್ಮಾ ಎನ್ನುತ್ತಾರೆ. ಅದರೊಳಗೂ ನೀರಿದೆ. ಗೋಲಿ ಸೋಡಾದ ಗ್ಯಾಸಿನ ಹಾಗೆ, ಒತ್ತಡ ಇರುವ ತನಕ ಕಾಣುವುದಿಲ್ಲ. ಹವಾಯಿಯ ಮ್ಯಾಗ್ಮಾದಲ್ಲಿ ಸಾಮಾನ್ಯವಾಗಿ ನೂರಕ್ಕೆ 1 ಭಾಗವೂ ಇರುವುದಿಲ್ಲ. ಅಮೆರಿಕದ ಸೇಂಟ್ ಹೆಲೆನ್ಸ್ ಬೆಟ್ಟದ್ದರಲ್ಲಿ 4-5 ಭಾಗ.

ಇಷ್ಟು ನೀರೇ ಸಾಕು. ಅದು ಕರಗಿದ ಕಲ್ಲಿನೊಳಗಿನ ಸಿಲಿಕಾದ, ಅಂದರೆ ಮರಳಿನಲ್ಲೂ ಇರುವ ವಸ್ತುವಿನ, ಸರಪಳಿಗಳನ್ನು ಕಡಿದು, ಮ್ಯಾಗ್ಮಾ ಬೇಗ ಕಲ್ಲಾಗದಂತೆ ತಡೆಯುತ್ತದೆ. ಒಣ ಗ್ರಾನೈಟ್ ಕರಗಲು ಸಾವಿರ ಡಿಗ್ರಿ ಹತ್ತಿರ ಬೇಕು. ಆಳದಲ್ಲಿ ನೀರು ಬೆರೆತಿದ್ದರೆ 700 ಡಿಗ್ರಿ ಸಾಕು.

ಆಲೆಮನೆಯಲ್ಲಿ ನೀರನ್ನು ಓಡಿಸುವುದು ಒಲೆಯ ಬೆಂಕಿ. ಇಲ್ಲಿ ಹಾಗಲ್ಲ. ಮ್ಯಾಗ್ಮಾ ಮೇಲೇರುತ್ತಾ ಬಂದ ಹಾಗೆ ಒತ್ತಡ ಇಳಿಯುತ್ತದೆ, ನೀರು ಆವಿಯ ಗುಳ್ಳೆಯಾಗಿ ಬಿಟ್ಟು ಹೋಗುತ್ತದೆ. ಸಮಯ ಸಿಕ್ಕರೆ ಆಗ ಹರಳು ಕಟ್ಟಲು ಶುರು. ತಣ್ಣಗಾಗಬೇಕು ಅಂತೇನೂ ಇಲ್ಲ. ಹರಳು ಕಟ್ಟುವಾಗ ಶಾಖವೂ ಹೊರಬರುತ್ತದೆ. ಸೇಂಟ್ ಹೆಲೆನ್ಸ್‌ನ ಹರಳುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು 2006ರಲ್ಲಿ ಇದನ್ನು ತೋರಿಸಿದರು. ಮ್ಯಾಗ್ಮಾ ಹರಳುಗಟ್ಟುತ್ತಲೇ ಇದ್ದ ಬಿಸಿಯ ಮೇಲೆ ಇನ್ನೂ 100 ಡಿಗ್ರಿವರೆಗೂ ಏರಬಲ್ಲದು! ಇದನ್ನು ಮೊದಲ ಸಲ ಓದಿದಾಗ ನಾನು ಪುಟ ತಿರುಗಿಸದೆ ಸುಮ್ನೆ ಕೂತುಬಿಟ್ಟಿದ್ದೆ.

ಅದೇ ಬೆಟ್ಟದ ಒಂದು ದಿನದ ಕಥೆ ಕೇಳಿ. 1980ರ ಮಾರ್ಚ್‌ನಿಂದ ಸುಮಾರು ಎರಡು ತಿಂಗಳು ಬೆಟ್ಟದ ಹೊಟ್ಟೆಯೊಳಗೆ ಒಂದಿಷ್ಟು ಮ್ಯಾಗ್ಮಾ ಬಂದು ನಿಂತಿತ್ತು. ಬೆಟ್ಟದ ಒಂದು ಮಗ್ಗುಲು ಊದಿಕೊಂಡಿತ್ತು. ಒಳಗೆ ನೀರು ಬಿಡುತ್ತಾ ಸಣ್ಣ ಹರಳು ತುಂಬಿ, ರಸ ಗಟ್ಟಿಯಾಗುತ್ತಿತ್ತು. ಗ್ಯಾಸಿಗೆ ಸಲೀಸಾದ ದಾರಿ ಇರಲಿಲ್ಲ. ಮೇ 18ರ ಬೆಳಗ್ಗೆ ಭೂಕಂಪದ ಜೊತೆಗೇ ಆ ಮಗ್ಗುಲು ಕುಸಿಯಿತು. ಮುಚ್ಚಳ ತೆಗೆದಂತಾಗಿ ಬೆಟ್ಟ ಸಿಡಿಯಿತು. 57 ಜನ ತೀರಿಕೊಂಡರು.

ಅವತ್ತು ಮೊದಲು ಸಿಡಿದ ಕಲ್ಲನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ದೊಡ್ಡ ಹರಳುಗಳ ನಡುವೆ ಕೂದಲಿಗಿಂತ ಸಣ್ಣ ಹರಳುಗಳ ರಾಶಿ. ಆಮೇಲೆ ಆಳದಿಂದ ನೇರ ನುಗ್ಗಿ ಬಂದ ತೂತು ತೂತಾದ ಹಗುರ ಬಿಳಿ ಪ್ಯೂಮಿಸ್ ಕಲ್ಲಿನಲ್ಲಿ ಆ ಸಣ್ಣ ಹರಳು ಇಲ್ಲವೆನ್ನುವಷ್ಟು ಕಡಿಮೆ, ದೊಡ್ಡ ಹರಳುಗಳ ನಡುವೆ ಬರೀ ಗಾಜು ಮತ್ತು ಗುಳ್ಳೆ. ಅದರ ನೀರೂ ಹೋಗಿತ್ತು. ಆದರೆ ಹರಳು ಕಟ್ಟಲು ಪುರುಸೊತ್ತು ಸಿಕ್ಕಿರಲಿಲ್ಲ.

ನಮಸ್ಕಾರ.