ಸಿಂಗಪುರದ ಬಿಟ್ಟುಹೋದ ಪುಟಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಸಿಂಗಪುರವೆಂದರೆ ನಮ್ಮ ಕಿವಿಗೆ ಬಿದ್ದಿರುವುದು ಬಹುಮಟ್ಟಿಗೆ ಒಂದೇ ಕಥೆ. 1965ರ ಆಗಸ್ಟ್ 9ರಂದು ಮಲೇಷ್ಯದಿಂದ ಬೇರ್ಪಟ್ಟು, ಕುಡಿಯುವ ನೀರಿಗೂ ನೆರೆಯ ನಾಡನ್ನೇ ನೆಚ್ಚಿಕೊಂಡಿದ್ದ ಪುಟ್ಟ ದ್ವೀಪವೊಂದು ಒಂದು ತಲೆಮಾರು ಕಳೆಯುವುದರೊಳಗೆ ಸಿರಿವಂತ ದೇಶವಾದ ಕಥೆ ಅದು. ಅಲ್ಲಿನ ಮೊದಲ ಪ್ರಧಾನಿ ಲೀ ಕುವಾನ್ ಯೂ 1998ರಲ್ಲಿ ಹೊರತಂದ ತಮ್ಮ ನೆನಪುಗಳ ಮೊದಲ ಸಂಪುಟಕ್ಕೆ 'ದಿ ಸಿಂಗಪುರ್ ಸ್ಟೋರಿ' ಎಂದೇ ಹೆಸರಿಟ್ಟರು. ಆ ದ್ವೀಪಕ್ಕೆ ಇನ್ನೊಂದು ಕಥೆ ಇದ್ದೀತೆಂಬ ಅನುಮಾನಕ್ಕೂ ಆ ಹೆಸರಿನಲ್ಲಿ ಎಡೆಯಿಲ್ಲ. ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಸಿಂಗಪುರದ ಲೇಖಕರು ಇಂಗ್ಲಿಷಿನಲ್ಲಿ ಬರೆದ ಪುಸ್ತಕಗಳನ್ನು ಓದುತ್ತ ಹೋದಾಗ, ಅವರಲ್ಲಿ ಹಲವರು ಈ ಒಂದು ಕಥೆಯ ಮಗ್ಗುಲಿಗೆ ಕುಳಿತು, ಅದರಲ್ಲಿ ಬಿಟ್ಟುಹೋದ ಪುಟಗಳನ್ನು ತುಂಬುತ್ತಿದ್ದಾರೆಂದು ನನಗೆ ತೋರಿತು.

ಇವುಗಳಲ್ಲಿ ಮೊದಲು ಹೇಳಬೇಕಾದದ್ದು ಒಂದು ಚಿತ್ರಕಾದಂಬರಿಯನ್ನು. ಸನ್ನಿ ಲಿಯೂ ಅವರ 'ದಿ ಆರ್ಟ್ ಆಫ್ ಚಾರ್ಲಿ ಚಾನ್ ಹಾಕ್ ಚೈ' 2015ರಲ್ಲಿ ಪ್ರಕಟವಾಯಿತು. ಚಾರ್ಲಿ ಚಾನ್ ಎಂಬ ವೃದ್ಧ ವ್ಯಂಗ್ಯಚಿತ್ರಕಾರ ತನ್ನ ಬದುಕಿನುದ್ದಕ್ಕೂ ಬರೆದ ಚಿತ್ರಗಳನ್ನು ಒಂದೆಡೆ ಸೇರಿಸಿದ ಸಂಕಲನದಂತೆ ಅದು ಕಾಣುತ್ತದೆ. ಆದರೆ ಅಂಥ ಕಲಾವಿದ ಎಂದೂ ಇರಲಿಲ್ಲ, ಅವನ ಹಳೆಯ ಪುಟಗಳ ಹಳದಿಬಣ್ಣ, ಹರಿದ ಅಂಚು, ದಶಕ ದಶಕಕ್ಕೆ ಬದಲಾಗುವ ಗೆರೆಯ ಶೈಲಿ ಎಲ್ಲವೂ ಲಿಯೂ ಅವರದೇ ಸೃಷ್ಟಿ. ಪುಸ್ತಕದ ನಡುವೆ ಎಡಪಂಥೀಯ ನಾಯಕ ಲಿಮ್ ಚಿನ್ ಸಿಯಾಂಗ್ ಬರುತ್ತಾರೆ. 1963ರ ಫೆಬ್ರವರಿ 2ರಂದು 'ಆಪರೇಷನ್ ಕೋಲ್ಡ್‌ಸ್ಟೋರ್' ಎಂಬ ಹೆಸರಿನಲ್ಲಿ ನೂರಕ್ಕೂ ಹೆಚ್ಚು ಮಂದಿಯನ್ನು ಕಮ್ಯುನಿಸ್ಟರೆಂಬ ಆರೋಪದ ಮೇಲೆ ಬಂಧಿಸಿದಾಗ ಸೆರೆ ಸೇರಿದವರಲ್ಲಿ ಅವರೂ ಒಬ್ಬರು. ಚಾರ್ಲಿ ಚಾನ್ ಬರೆಯುವ ಒಂದು ಕಲ್ಪನೆಯ ಕಥೆಯಲ್ಲಿ ಅದೇ ಲಿಮ್ ಪ್ರಧಾನಿಯಾಗಿರುತ್ತಾರೆ. ಬಿಡುಗಡೆಯ ಹೊತ್ತಿನಲ್ಲಿಯೇ ರಾಷ್ಟ್ರೀಯ ಕಲಾ ಮಂಡಳಿ ತಾನು ಕೊಟ್ಟಿದ್ದ 8,000 ಸಿಂಗಪುರ ಡಾಲರುಗಳ ಅನುದಾನವನ್ನು ಹಿಂದಕ್ಕೆ ಪಡೆಯಿತು. ಮರುವರ್ಷ ಅದೇ ಪುಸ್ತಕಕ್ಕೆ ಸಿಂಗಪುರ ಸಾಹಿತ್ಯ ಪ್ರಶಸ್ತಿ ಬಂತು, 2017ರಲ್ಲಿ ಚಿತ್ರಕಥೆಗಳಿಗೆಂದೇ ಕೊಡುವ ಅಮೆರಿಕದ ಐಸ್ನರ್ ಪ್ರಶಸ್ತಿಗಳು ಮೂರು ಬಂದವು. ಈ ಗದ್ದಲದಿಂದಾಗಿ ಅದನ್ನು ಕೇವಲ ರಾಜಕೀಯದ ಪುಸ್ತಕವೆಂದು ಓದಿದರೆ ನಷ್ಟ ನಮ್ಮದೇ. ಯಾರೂ ಕೊಳ್ಳದ ಚಿತ್ರಗಳನ್ನು ಐವತ್ತು ವರ್ಷ ಬಿಡದೆ ಬರೆದ ಒಬ್ಬ ಮನುಷ್ಯನ ಹಟ ಅದರ ಜೀವಾಳ.

ಜೆರಮಿ ಟಿಯಾಂಗ್ ಅವರ 'ಸ್ಟೇಟ್ ಆಫ್ ಎಮರ್ಜೆನ್ಸಿ' 2017ರಲ್ಲಿ ಬಂದ ಕಾದಂಬರಿ. ಮುಂದಿನ ವರ್ಷ ಸಿಂಗಪುರ ಸಾಹಿತ್ಯ ಪ್ರಶಸ್ತಿ ಪಡೆಯಿತು. ಒಂದೇ ಬಂಧುಬಳಗದ ಸುತ್ತಮುತ್ತಲಿನ ಆರು ಮಂದಿಯ ಕಣ್ಣಿನಿಂದ ಅದು ಸಾಗುತ್ತದೆ. ಗಂಡನನ್ನೂ ಎಳೆಯ ಮಕ್ಕಳನ್ನೂ ಬಿಟ್ಟು ಕಾಡಿನ ಕಮ್ಯುನಿಸ್ಟ್ ಬಂಡುಕೋರರನ್ನು ಸೇರುವ ಸಿಯು ಲೀ ಎಂಬ ಹೆಂಗಸನ್ನು ಲೇಖಕರು ಹೊಗಳುವುದೂ ಇಲ್ಲ, ತೆಗಳುವುದೂ ಇಲ್ಲ. ಆಕೆ ಹೋದ ಮೇಲೆ ಮನೆಯಲ್ಲಿ ಉಳಿದವರು ದಶಕಗಳ ಕಾಲ ಆ ವಿಷಯ ಎತ್ತದೆ ಬಾಳುವ ಬಗೆಯನ್ನು ಮಾತ್ರ ತೋರಿಸುತ್ತಾರೆ. ಆರರಲ್ಲಿ ಒಂದು ಭಾಗ ರೇವತಿ ಎಂಬ ಪತ್ರಕರ್ತೆಯದು. 1948ರಲ್ಲಿ ಮಲಯದ, ಅಂದರೆ ಇಂದಿನ ಮಲೇಷ್ಯದ, ಬಟಾಂಗ್ ಕಾಲಿಯಲ್ಲಿ ಬ್ರಿಟಿಷ್ ಸೈನಿಕರು ನಡೆಸಿದ ಹತ್ಯಾಕಾಂಡವನ್ನು ಅವಳು ಕೆದಕುತ್ತಾಳೆ.

ಅಲ್ಫಿಯಾನ್ ಸಾಅತ್ ಅವರ 'ಮಲಯ್ ಸ್ಕೆಚಸ್' ಎಂಬ ಕಿರುಗಥೆಗಳ ಸಂಕಲನದ ಹೆಸರಿನಲ್ಲಿಯೇ ಒಂದು ಜಾಣತನವಿದೆ. 1895ರಲ್ಲಿ ಫ್ರಾಂಕ್ ಸ್ವೆಟನ್‌ಹ್ಯಾಮ್ ಎಂಬ ಆಂಗ್ಲ ಅಧಿಕಾರಿ ಆ ಭಾಗದ ಮಲಯ ಜನಾಂಗದವರನ್ನು ಕುರಿತು ಬರೆದ ಪುಸ್ತಕಕ್ಕೂ ಇದೇ ಹೆಸರು. ನೂರಕ್ಕೂ ಹೆಚ್ಚು ವರ್ಷಗಳ ಬಳಿಕ ಮಲಯನೊಬ್ಬ ಅದನ್ನು ತನ್ನ ಜನಕ್ಕಾಗಿ ಹಿಂದಕ್ಕೆ ಪಡೆದಂತಾಯಿತು. ತಮಿಳು ಬ್ರಾಹ್ಮಣ ಕುಟುಂಬವೊಂದರ ಹಲವು ತಲೆಮಾರಿನ ಹೆಂಗಸರನ್ನು ಚಿತ್ರಿಸುವ ಪ್ರಶಾಂತಿ ರಾಮ್ ಅವರ 'ನೈನ್ ಯಾರ್ಡ್ ಸ್ಯಾರೀಸ್' ಕಥೆಗಳನ್ನು ನಮ್ಮ ಕನ್ನಡ ಓದುಗರು ಯಾರ ನೆರವೂ ಇಲ್ಲದೆ ಓದಬಲ್ಲರು. ಅಲ್ಲಿನ ಅಡುಗೆಮನೆಯ ಮಡಿಯನ್ನು ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ನನ್ನನ್ನು ಹೆಚ್ಚು ಕಾಲ ಹಿಡಿದು ಕೂರಿಸಿದ್ದು ಮಾತ್ರ ರೇಚಲ್ ಹೆಂಗ್ ಅವರ 'ದಿ ಗ್ರೇಟ್ ರೆಕ್ಲಮೇಷನ್', 2023ರ ಕಾದಂಬರಿ. ಸಮುದ್ರಕ್ಕೆ ಮಣ್ಣು ಸುರಿದು ನೆಲ ಮಾಡಿಕೊಳ್ಳುವುದು ಆ ದೇಶಕ್ಕೆ ರೂಢಿಯಾದ ಕೆಲಸ. 1960ರ ಹೊತ್ತಿಗೆ ಸುಮಾರು 580 ಚದರ ಕಿಲೋಮೀಟರ್ ಇದ್ದ ಸಿಂಗಪುರ ಇಂದು 730ನ್ನು ದಾಟಿದೆ. ಶರಾವತಿಯ ಮುಳುಗಡೆಯ ಕಥೆಗಳನ್ನು ಓದಿ ಬೆಳೆದ ನಮಗೆ ಇದು ತಿರುವುಮುರುವಾಗಿ ಕಾಣುತ್ತದೆ. ಅದೇ ದಶಕದಲ್ಲಿ ಇಲ್ಲಿ ನೀರು ಊರನ್ನು ನುಂಗಿತು, ಅಲ್ಲಿ ನೆಲ ಕಡಲನ್ನು ನುಂಗಿತು; ಎರಡು ಕಡೆಯೂ ಊರು ಬಿಟ್ಟವರಿಗೆ ಆದದ್ದು ಒಂದೇ. ಕಾದಂಬರಿಯ ನಾಯಕ ಬೆಸ್ತರ ಹಳ್ಳಿಯ ಒಬ್ಬ ಹುಡುಗ, ಹೆಸರು 'ಆ ಬೂನ್'. ಹಳ್ಳಿಯವರು ಸರಕಾರದ ನೌಕರರನ್ನು 'ಗಾ ಮೆನ್' ಎಂದು ಕರೆಯುತ್ತಾರೆ, ನಮ್ಮ ಹಳ್ಳಿಗಳ ಬಾಯಲ್ಲಿ 'ಗೌರ್ಮೆಂಟಿನೋರು' ಆದ ಹಾಗೆ. ಒಂದೇ ಪದದಲ್ಲಿ ಹೆದರಿಕೆ, ಗೌರವ, ಚೂರು ನಗೆ ಮೂರೂ ಇವೆ. ಅನುವಾದ ಮಾಡುವವರಿಗೆ ನಮ್ಮ ಭಾಷೆಯಲ್ಲಿ ಅದು ಸಿದ್ಧವಾಗಿಯೇ ಸಿಗುತ್ತದೆ.

ಹಳ್ಳಿಯನ್ನು ಹಾಳುಮಾಡಲು ಹೊರಗಿನಿಂದ ಒಬ್ಬ ದುಷ್ಟ ಬರುತ್ತಾನೆಂದು ನಾವು ಕಾಯುತ್ತ ಓದುತ್ತೇವೆ. ಯಾರೂ ಬರುವುದಿಲ್ಲ. ಬೆಳೆದ 'ಆ ಬೂನ್' ತಾನೇ 'ಗಾ ಮೆನ್' ಸಾಲಿಗೆ ಸೇರುತ್ತಾನೆ. ಮನೆಯೊಳಗೆ ನಲ್ಲಿ, ವಿದ್ಯುದ್ದೀಪ, ಸೋರದ ಸೂರು ಇರುವ ಸರಕಾರಿ ಫ್ಲಾಟುಗಳಿಗೆ ಹೋಗೋಣವೆಂದು ತನ್ನನ್ನು ಎತ್ತಿ ಆಡಿಸಿದವರನ್ನೇ ಒಪ್ಪಿಸಲು ನಿಲ್ಲುತ್ತಾನೆ. ಅವನು ಹೇಳುವುದರಲ್ಲಿ ಸುಳ್ಳೇನೂ ಇಲ್ಲ.

ನಮಸ್ಕಾರ.