ಓಪನ್ ಕಾರಲ್ಲಿ ಚಾರ್ಮಾಡಿ, ಡಿಸೆಂಬರ್ ಬೆಳಿಗ್ಗೆ

ವಿಡಿಯೋ ಶುರುವಾಗುವಾಗ ಗಂಟೆ ನಾಲ್ಕೂವರೆ. ಇದು ಮಂಗಳೂರಿನ ಕದ್ರಿ, ನಮ್ಮ ಮನೆ ಗೇಟು. ಟಾಪ್ ಮಡಚುವುದು ಕಾಣ್ತಾ ಉಂಟಲ್ಲ, ಅದನ್ನು ನಾನು ಹೇಳುವುದಿಲ್ಲ. ಕಾರು ಭಾವನದ್ದು. ಎರಡೇ ಸೀಟು, ಬಟ್ಟೆಯ ಟಾಪು. ದಾರಿಯಲ್ಲಿ ಸಿಕ್ಕಿದವರೆಲ್ಲ ಗೋವಾದಲ್ಲಿ ಮಾಡ್ತಿದ್ದ ಸ್ಯಾನ್ ಸ್ಟಾರ್ಮ್ ಕಾರಾ ಅಂತ ಕೇಳ್ತಾರೆ. ಅದಲ್ಲ. ಪಕ್ಕದ ಸೀಟಲ್ಲಿ ಅಮ್ಮ. ಅವರಿಗೆ ಚಾರ್ಮಾಡಿ ಘಾಟಿಯ ಮಂಜು ನೋಡಬೇಕು, ಅದೂ ಮೇಲೆ ಏನೂ ಮುಚ್ಚದೆ.

ಮಂಗಳೂರಲ್ಲಿ ಈ ಹೊತ್ತಿಗೆ 20 ಡಿಗ್ರಿ ಆಸುಪಾಸು. ಇದನ್ನು ಚಳಿ ಅನ್ನುವ ಹಾಗೇ ಇಲ್ಲ. ಪಡೀಲ್ ದಾಟುವಾಗ ನಾನು ಅದನ್ನೇ ಹೇಳಿದ್ದೆ, ಸ್ವೆಟರ್ ಬೇಡವೇ ಬೇಡ ಅಂತ. ಬಿ.ಸಿ. ರೋಡಿಗೆ ಬರುವಾಗ ಹಾಕಿಕೊಂಡಾಗಿತ್ತು. ನೇತ್ರಾವತಿಯ ಬದಿಯ ಗಾಳಿ ಅದು, ಬೇರೆಯೇ.

ಈಗ ಇಲ್ಲಿ ಅಮ್ಮನ ಸೆರಗು ನೋಡಿ. ಕಾರು ಮುಂದೆ ಹೋಗ್ತಾ ಉಂಟು, ಸೆರಗು ಹಿಂದಕ್ಕೆ ಹಾರಬೇಕಲ್ಲ? ಮುಂದಕ್ಕೆ ಹಾರ್ತಾ ಉಂಟು, ಗಾಜಿನ ಕಡೆಗೆ. ನನ್ನ ಕೂದಲೂ ಹಾಗೇ. ಓಪನ್ ಕಾರಿನ ಚಳಿ ಎಲ್ಲ ಇರುವುದು ಇದರಲ್ಲಿ. ಮುಂದಿನ ಗಾಜಿನ ಮೇಲಿಂದ ಹೋಗುವ ಗಾಳಿ ಹಾಗೇ ಹೋಗಿಬಿಡುವುದಿಲ್ಲ. ಗಾಜಿನ ಹಿಂದೆ ಒತ್ತಡ ಕಡಿಮೆ ಇರ್ತದೆ. ಹಾಗಾಗಿ ಗಾಳಿ ಸೀಟಿನ ಹಿಂದೆ ಇಳಿದು, ತಿರುಗಿ, ನಮ್ಮ ಕುತ್ತಿಗೆಗೆ ಬಂದು ಹೊಡೀತದೆ. ಮುಖಕ್ಕೆ ಅಷ್ಟು ಚಳಿಯೇ ಇಲ್ಲ. ಕಾರು ಮಾಡುವವರಿಗೂ ಇದು ಗೊತ್ತು. 2004ರಲ್ಲಿ ಮರ್ಸಿಡಿಸ್‌ನವರು ಎಸ್‌ಎಲ್‌ಕೆ ಕಾರಿನ ಸೀಟಿನಲ್ಲಿ, ತಲೆ ಆನಿಸುವ ಜಾಗದಲ್ಲೇ ಕಿಂಡಿ ಇಟ್ಟು ಕುತ್ತಿಗೆಗೆ ಬಿಸಿ ಗಾಳಿ ಬಿಡುವ ವ್ಯವಸ್ಥೆ ತಂದರು. ಕೆಲವು ಕಾರುಗಳಲ್ಲಿ ಸೀಟಿನ ಹಿಂದೆ ಗಾಳಿ ತಡೆಯುವ ಬಲೆ ಅಥವಾ ಗಾಜು ಬರ್ತದೆ. ಭಾವನ ಕಾರಿಗೂ ಇತ್ತಂತೆ, ಎಲ್ಲಿ ಹೋಯ್ತೋ ಯಾರಿಗೂ ಗೊತ್ತಿಲ್ಲ.

ಎರಡೂ ಬಾಗಿಲಿನ ಗಾಜು ಮೇಲೆ ಮಾಡಿ, ಅದೇ ದೊಡ್ಡ ಉಪಾಯ. ಟಾಪ್ ತೆಗೆದು ಗಾಜು ಮೇಲೆ ಇಟ್ಟರೆ ಚಂದ ಕಾಣುವುದಿಲ್ಲ ಅಂತ ಭಾವ ಹೇಳ್ತಾರೆ. ಚಂದ ಕಾಣುವುದು ರಸ್ತೆ ಬದಿಯಲ್ಲಿ ನಿಂತವರಿಗೆ. ಒಳಗೆ ಕೂತವರಿಗೆ ಕಿವಿ ನೋವು.

ಇದು ಗುರುವಾಯನಕೆರೆ. ಕತ್ತಲೆ, ಕೆರೆ ಕಾಣುವುದಿಲ್ಲ. ಈ ತಿಂಗಳಲ್ಲಿ ಈ ಕಡೆ ಬಂದರೆ ನನಗೆ ಕಂಬಳವೇ ನೆನಪಾಗುವುದು. ಸಣ್ಣಲ್ಲಿರುವಾಗ ಅಪ್ಪ ಸ್ಕೂಟರಲ್ಲಿ ಕರ್ಕೊಂಡು ಹೋಗ್ತಿದ್ದರು, ಬೆಳಗಾಗುವವರೆಗೆ ಓಟ. ವಾಪಸ್ ಬರುವಾಗ ಅಪ್ಪ ಅಂಗಿಯ ಒಳಗೆ, ಎದೆಗೆ, ಪೇಪರ್ ಇಟ್ಟುಕೊಳ್ತಿದ್ದರು. ನಾಲ್ಕು ಹಾಳೆ ಪೇಪರ್ ದಾಟಿ ಗಾಳಿ ಒಳಗೆ ಬರ್ತಿರಲಿಲ್ಲ. ನಾನು ಹಿಂದೆ ಕೂತು ಅವರ ಬೆನ್ನಿಗೆ ಮುಖ ಒತ್ತಿ... ಆಯ್ತು, ಉಜಿರೆ ಬಂತು, ಕ್ಲಿಪ್ ಮುಗೀತು.

ಮುಂದಿನ ಭಾಗಕ್ಕೆ ನಿಮ್ಮಲ್ಲಿ ಸ್ವಲ್ಪ ತಾಳ್ಮೆ ಬೇಕು.

ಚಾರ್ಮಾಡಿ ಗೇಟ್ ದಾಟಿ ತಿರುವು ಶುರುವಾಯ್ತು. ಸಾವಿರ ಮೀಟರ್ ಮೇಲೆ ಹೋದರೆ ಆರು ಡಿಗ್ರಿಯಾದರೂ ಕಡಿಮೆ ಆಗ್ತದೆ. ಹೀಟರ್ ಹಾಕಿದೆ. ಬಂದದ್ದು ತಣ್ಣನೆ ಗಾಳಿ. ಎಂಜಿನ್ ಬಿಸಿಯಾಗಿರಲಿಕ್ಕಿಲ್ಲ ಅಂದುಕೊಂಡೆ. ಎಂಜಿನ್ ಬಿಸಿ ತೋರಿಸುವ ಮುಳ್ಳು ನಡುವಿಗೆ ಬಂದೇ ಒಂದು ಗಂಟೆ ಆಗಿತ್ತು! ಕೊಟ್ಟಿಗೆಹಾರದವರೆಗೆ ಹಾಗೇ ನಡುಗಿಕೊಂಡು ಹೋದೆವು. ಅಲ್ಲಿ ಒಬ್ಬರು ಮೆಕ್ಯಾನಿಕ್ ಬಾನೆಟ್ ಎತ್ತಿ, ಟಾರ್ಚ್ ಹಿಡಿದು, ಒಂದೇ ನಿಮಿಷದಲ್ಲಿ ತೋರಿಸಿದರು. ಇಲ್ಲಿ ನೋಡಿ. ಎಂಜಿನ್ನಿನಿಂದ ಹೀಟರಿಗೆ ಬಿಸಿ ಕೂಲೆಂಟ್, ಅಂದರೆ ಎಂಜಿನ್ ತಂಪು ಮಾಡುವ ದ್ರವ, ಹೋಗಬೇಕಾದ ಪೈಪನ್ನು ತಿರುಗಿಸಿ, ವಾಪಸ್ ಬರುವ ಪೈಪಿಗೇ ಸೇರಿಸಿ ಕ್ಲಿಪ್ ಬಿಗಿದಿದ್ದಾರೆ. ಹೀಟರಿಗೆ ಒಂದು ಹನಿಯೂ ಹೋಗುವುದಿಲ್ಲ.

ಯಾರು ಮಾಡಿದ್ದು? ಹಿಂದಿನ ವರ್ಷ ಕೂಲೆಂಟ್ ಸೋರ್ತದೆ ಅಂತ ನಮ್ಮೂರಿನ ಒಂದು ಗ್ಯಾರೇಜಿಗೆ ಬಿಟ್ಟಿದ್ದೆವು. ಸೋರುವುದು ನಿಂತಿತು, ದುಡ್ಡು ಕೊಟ್ಟೆವು. ಸೋರಿದ್ದು ಹೀಟರಿನ ಒಳಗಿನ ಸಣ್ಣ ರೇಡಿಯೇಟರ್, ಅದನ್ನು ಲೈನಿನಿಂದಲೇ ತಪ್ಪಿಸಿದ್ದೇವೆ ಅಂತ ಯಾರೂ ಹೇಳಲಿಲ್ಲ. ಮೊನ್ನೆ ಹೋಗಿ ಕೇಳಿದರೆ, "ನಮ್ಮ ಊರಿಗೆ ಹೀಟರ್ ಎಂತಕ್ಕೆ?"

ನನಗೆ ಬೇಸರ ಆದದ್ದು ಆ ಮಾತಿಗೆ. ಯಾಕೆ ಹೇಳ್ತೇನೆ. ಜುಲೈಯಲ್ಲಿ ಟಾಪ್ ಮುಚ್ಚಿ ಹೋಗುವಾಗ ಮುಂದಿನ ಗಾಜಿನ ಒಳಗೆಲ್ಲ ಮಂಜು ಹಿಡೀತಿತ್ತು. ಇಡೀ ಮಳೆಗಾಲ ಅಮ್ಮ ಬಟ್ಟೆಯಲ್ಲಿ ಒರಸ್ತಾ ಕೂತದ್ದು. ಎಸಿ ವೀಕ್ ಅಂತ ಗ್ಯಾಸ್ ಬೇರೆ ಹಾಕಿಸಿದೆವು. ಎಸಿ ಗಾಳಿಯ ನೀರಿನಂಶ ತೆಗೀತದೆ, ಹೀಟರ್ ಆ ಒಣ ಗಾಳಿಯನ್ನು ಬಿಸಿ ಮಾಡಿ ಗಾಜಿಗೆ ಕೊಡ್ತದೆ. ಎರಡೂ ಸೇರಿದರೆ ಗಾಜು ಬೇಗ ತಿಳಿಯಾಗ್ತದೆ. ಅಂದರೆ ಕರಾವಳಿಯ ಮಳೆಗೇ ಹೀಟರ್ ಬೇಕು! ಅದಕ್ಕೆ ಪೆಟ್ರೋಲೂ ಬೇರೆ ಬೇಡ, ಎಂಜಿನ್ ಹೇಗೂ ಹೊರಗೆ ಚೆಲ್ಲುವ ಬಿಸಿ ಅದು. ಎದುರಿನ ಲಾರಿ ಕಾಣದೆ ಎಷ್ಟು ಸಲ ಬ್ರೇಕ್ ಹಾಕಿದ್ದೇನೆ.

ಖರ್ಚು ಹೇಳಿಬಿಡ್ತೇನೆ. ಹೊಸ ಹೀಟರ್ ಕೋರ್, ಅಂದರೆ ಆ ಸಣ್ಣ ರೇಡಿಯೇಟರ್, ತರಿಸಲಿಕ್ಕೆ 22,000 ಕೇಳಿದರು. ಹಳೆಯದು ತಾಮ್ರದ್ದು, ರೇಡಿಯೇಟರ್ ಕೆಲಸದವರ ಹತ್ತಿರ ಬೆಸುಗೆ ಹಾಕಿಸಿದೆ, 1,400. ಡ್ಯಾಶ್‌ಬೋರ್ಡ್ ಬಿಚ್ಚಿ ಜೋಡಿಸಲಿಕ್ಕೆ 4,500, ಎರಡು ದಿನ. ಪೈಪು, ಕ್ಲಿಪ್ಪು, ಕೂಲೆಂಟ್ 1,150. ಒಟ್ಟು 7,050. ಬೆಸುಗೆಯವರಿಗೆ ಕೊಟ್ಟದ್ದು ಕಡಿಮೆಯೇ ಆಯ್ತು ಅಂತ ನನಗೆ ಈಗಲೂ ಅನ್ನಿಸ್ತದೆ.

ಈಗ ವಾಪಸ್ ಆ ದಿನದ ಕೊಟ್ಟಿಗೆಹಾರಕ್ಕೆ. ನೀರುದೋಸೆ, ಇಲ್ಲಿಗೆ ಬಂದವರು ತಿನ್ನದೆ ಹೋಗುವುದಿಲ್ಲ. ನೀರುದೋಸೆ ನಮ್ಮ ಕಡೆಯದ್ದೇ ಚಂದ ಅಂತ ಹೇಳ್ತಿದ್ದೆ. ಇಲ್ಲ, ಆ ಚಳಿಯಲ್ಲಿ ಬಿಸಿಬಿಸಿ ಇದೇ ಚಂದ.

ತಿರುವುಗಳಲ್ಲಿ ಮೂವತ್ತರಲ್ಲಿ ಹೋಗುವಾಗ ಅಷ್ಟು ಗೊತ್ತಾಗುವುದಿಲ್ಲ. ನಿಜವಾದ ಚಳಿ ಇಲ್ಲಿಂದ ಬಣಕಲ್ ಕಡೆಗೆ, ಕಾಫಿ ತೋಟಗಳ ನಡುವೆ ರಸ್ತೆ ನೇರ ಆದಾಗ. ಕೆನಡಾ, ಅಮೆರಿಕದ ಹವಾಮಾನದವರು 2001ರಿಂದ ಬಳಸುವ ಒಂದು ಲೆಕ್ಕ ಉಂಟು: 10 ಡಿಗ್ರಿ ಇರುವಾಗ ಗಂಟೆಗೆ 60 ಕಿಲೋಮೀಟರ್ ಗಾಳಿ ಬಂದರೆ ಬರಿ ಮುಖಕ್ಕೆ 5 ಡಿಗ್ರಿಯ ಹಾಗೆ ಆಗ್ತದೆ. ಹಾಗಾಗಿ ದಪ್ಪ ಬಟ್ಟೆಗಿಂತ ಗಾಳಿ ದಾಟದ ಬಟ್ಟೆ ಮುಖ್ಯ. ನಮ್ಮ ಮನೆಯಲ್ಲಿ ಸರಿಯಾದ ಜಾಕೆಟ್ ಇಲ್ಲ, ರೈನ್‌ಕೋಟ್ ನಾಲ್ಕು ಉಂಟು. ಸ್ವೆಟರಿನ ಮೇಲೆ ರೈನ್‌ಕೋಟ್ ಹಾಕಿದೆವು. ಐದೇ ನಿಮಿಷ, ಮೈ ಬೆಚ್ಚಗಾಯ್ತು. ಮಂಜಿಗೆ ಹತ್ತಿ ಬಟ್ಟೆ ಬೇಡ, ಒದ್ದೆಯಾದರೆ ಬಿಸಿ ಹಿಡಿಯುವುದಿಲ್ಲ ಅಂತಲೂ ನಾನೇ ಹೇಳಿದ್ದು.

ಅಷ್ಟರಲ್ಲಿ ಅಮ್ಮ ಎಂತ ಮಾಡಿದರು ನೋಡಿ. ಚೀಲದಿಂದ ಎರಡು ಬೈರಾಸು, ಅಂದರೆ ಟವೆಲು, ತೆಗೆದು, ಸುರುಳಿ ಸುತ್ತಿ, ಎರಡು ಸೀಟಿನ ನಡುವಿನ ಸಂದಿಗೆ ತುರುಕಿದರು. "ಗಾಳಿ ಇಲ್ಲಿಂದ ಬರುವುದಲ್ವಾ ಮಗಾ?" ಹೌದು, ಅಲ್ಲಿಂದಲೇ! ಬೆನ್ನಿಗೆ ಬರುತ್ತಿದ್ದ ಗಾಳಿ ಅರ್ಧಕ್ಕರ್ಧ ನಿಂತಿತು. ಹತ್ತಿ ಬೇಡ ಅಂದದ್ದು ಮೈಗೆ ಮಾತ್ರ ಅಂತ ತಿದ್ದಿಕೊಳ್ತೇನೆ, ಸಂದಿಗೆ ಬೈರಾಸೇ ಸರಿ.

ಇದು ರಿಪೇರಿ ಆದ ಮೇಲಿನ ಭಾನುವಾರ, ಅದೇ ರಸ್ತೆ. ಹೀಟರ್ ಫುಲ್, ಗಾಳಿ ಕಾಲಿಗೆ ಮಾತ್ರ. ಮುಖಕ್ಕೆ ಬಿಟ್ಟರೆ ಆ ಬಿಸಿ ಮೇಲೆ ಹಾರಿ ಹೋಗ್ತದೆ, ಕಾಲಿಗೆ ಬಿಟ್ಟರೆ ಡ್ಯಾಶ್‌ಬೋರ್ಡಿನ ಕೆಳಗೆ ನಿಲ್ತದೆ. ಗಾಜು ಮೇಲೆ, ಬೈರಾಸು ಹಿಂದೆ, ಕಿವಿ ಮುಚ್ಚುವ ಟೊಪ್ಪಿ. ಮಾತಾಡಿದರೆ ಬಾಯಿಂದ ಹೊಗೆ ಬರ್ತಾ ಉಂಟು, ಕಾಲು ಮಾತ್ರ ಬೆಚ್ಚಗೆ. ಅಮ್ಮ ಚಪ್ಪಲಿ ತೆಗೆದು ಎರಡೂ ಪಾದವನ್ನು ಕಿಂಡಿಯ ಹತ್ತಿರ ಇಟ್ಟಿದ್ದಾರೆ. ಮೇಲೆ ಮರದ ಎಲೆಗಳಿಂದ ಮಂಜಿನ ಹನಿ ಬೀಳ್ತಾ ಉಂಟು, ಅವರು ತಲೆ ಎತ್ತಿ ಅದನ್ನೇ ನೋಡ್ತಾ ಇದ್ದಾರೆ. ಇಲ್ಲಿ ನಾನು ಮಾತಾಡುವುದಿಲ್ಲ, ಸ್ವಲ್ಪ ಹೊತ್ತು ನೀವೂ ನೋಡಿ.

ಘಾಟಿ ಇಳಿದಾಯ್ತು. ಚಾರ್ಮಾಡಿ ಪೇಟೆ, ಬಿಸಿಲು ಬಂತು. ರೈನ್‌ಕೋಟಿನ ಒಳಗೆ ಬೆವರು ಇಳೀತಾ ಉಂಟು. ಅಮ್ಮ ಬೊಂಡ, ಅಂದರೆ ಎಳನೀರು, ಬೇಕು ಅಂತಾರೆ, ಆ ಮರದ ನೆರಳಲ್ಲಿ ನಿಲ್ಲಿಸ್ತೇನೆ.