ರಿಸರ್ವ್ ನಾಬ್ ಇಲ್ಲದ ಗಾಡಿ

ಎಲ್ಲರಿಗೂ ನಮಸ್ಕಾರ.

ಹಳೇ ಸ್ಕೂಟರ್ ಓಡಿಸಿದವರು ಇಲ್ಲಿ ತುಂಬಾ ಜನ ಇದ್ದೀರಿ. ದಾರಿಯಲ್ಲಿ ಪೆಟ್ರೋಲ್ ಮುಗಿದರೆ ಕೈ ಕೆಳಗೆ ಹಾಕಿ ನಾಬ್ ತಿರುಗಿಸಿ ರಿಸರ್ವ್‌ಗೆ ಹಾಕುತ್ತಿದ್ದಿರಿ. ಅದೂ ಮುಗಿದರೆ ಗಾಡಿಯನ್ನು ಒಂದು ಪಕ್ಕಕ್ಕೆ ವಾಲಿಸಿ ಮತ್ತೆ ಕಿಕ್ ಹೊಡೆಯುತ್ತಿದ್ದಿರಿ, ಅಲ್ವಾ? ಸಣ್ಣ ವಿಮಾನದಲ್ಲಿ ಆ ನಾಬ್ ಇಲ್ಲ. ಹೊರಡುವ ಮುಂಚೆ ಪೈಲಟ್ ಲೆಕ್ಕ ಹಾಕಿ, ಮುಟ್ಟುವುದಿಲ್ಲ ಅಂತ ಎತ್ತಿಟ್ಟದ್ದೇ ರಿಸರ್ವ್.

ಸೆಸ್ನಾ 172ಎಸ್ ಅನ್ನುವ ನಾಲ್ಕು ಸೀಟಿನ ಸಣ್ಣ ವಿಮಾನ ತೆಗೆದುಕೊಳ್ಳಿ. ಎರಡು ರೆಕ್ಕೆಗಳ ಒಳಗಿನ ಟ್ಯಾಂಕ್‌ಗಳಲ್ಲಿ ಒಟ್ಟು ಸುಮಾರು 212 ಲೀಟರ್ ಪೆಟ್ರೋಲ್ ಹಿಡಿಯುತ್ತದೆ. ಅದರಲ್ಲಿ 200 ಲೀಟರ್ ಮಾತ್ರ ಬಳಕೆಗೆ ಸಿಗುತ್ತದೆ. ಗಂಟೆಗೆ 35 ಲೀಟರ್ ಕುಡಿಯುತ್ತದೆ ಅಂತ ಇಟ್ಟುಕೊಂಡರೆ, 100 ಲೀಟರ್ ಇಟ್ಟುಕೊಂಡು ಹೊರಟರೆ ಮೂರು ಗಂಟೆಗೂ ಕಡಿಮೆ. ಈಗ 400 ಕಿಲೋಮೀಟರ್ ಹೋಗಬೇಕು, ವೇಗ ಗಂಟೆಗೆ 200 ಅಂದುಕೊಳ್ಳಿ. ಎರಡು ಗಂಟೆ ಸಾಕು. ಆದರೆ ಎದುರುಗಾಳಿ ಗಂಟೆಗೆ 40 ಕಿಲೋಮೀಟರ್ ಇದ್ದರೆ ಅದೇ ದಾರಿಗೆ ಎರಡೂವರೆ ಗಂಟೆ ಬೇಕು. ಆ ಅರ್ಧ ಗಂಟೆ ಎಲ್ಲಿಂದ ಬಂತು? ರಿಸರ್ವ್‌ನಿಂದ. ಅಮೆರಿಕದ ನಿಯಮದಲ್ಲಿ, ಹೊರಗೆ ಕಣ್ಣಿಗೆ ಕಾಣುವುದನ್ನು ನೋಡಿಕೊಂಡು ಹಗಲು ಹಾರುವ ವಿಮಾನಕ್ಕೆ ಕೊನೆಯಲ್ಲಿ ಉಳಿಯಬೇಕಾದದ್ದೂ ಅಷ್ಟೇ, ಅರ್ಧ ಗಂಟೆ. ರಾತ್ರಿಗೆ 45 ನಿಮಿಷ. ನನಗೆ ಹಗಲಿಗೂ ಒಂದು ಗಂಟೆ ಉಳಿದಿದ್ದರೇ ಸಮಾಧಾನ.

ಮುಂದಿರುವ ಪೆಟ್ರೋಲ್ ಮೀಟರ್‌ನ ಮುಳ್ಳನ್ನು ನಂಬಬೇಡಿ. ರೆಕ್ಕೆ ಹತ್ತಿ. ಮುಚ್ಚಳ ತೆಗೆದು ಅಳತೆಕೋಲು ಇಳಿಸಿ, ಎತ್ತಿದ ತಕ್ಷಣ ಒದ್ದೆ ಗೆರೆ ನೋಡಿ. ತಡ ಮಾಡಿದರೆ ಗೆರೆ ಆರಿಹೋಗುತ್ತದೆ. ಆಮೇಲೆ ಟ್ಯಾಂಕ್‌ನ ಕೆಳಗಿಂದ ಒಂದಿಷ್ಟು ಪೆಟ್ರೋಲನ್ನು ಪಾರದರ್ಶಕ ಲೋಟಕ್ಕೆ ಬಿಟ್ಟು ಬೆಳಕಿಗೆ ಹಿಡಿಯಿರಿ. ಇಂಥ ವಿಮಾನಕ್ಕೆ ಹಾಕುವ 100ಎಲ್‌ಎಲ್ ಪೆಟ್ರೋಲ್ ತಿಳಿ ನೀಲಿ ಇರುತ್ತದೆ. ನೀರು ಸೇರಿದ್ದರೆ ತಳದಲ್ಲಿ ಮಣಿಯ ಹಾಗೆ ಕೂತಿರುತ್ತದೆ. ಐದು ನಿಮಿಷದ ಕೆಲಸ.

ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2011ರಿಂದ 2015ರವರೆಗಿನ ಲೆಕ್ಕ ತೆಗೆದಿತ್ತು. ಇಂಧನದ ಎಡವಟ್ಟಿನಿಂದಲೇ ವರ್ಷಕ್ಕೆ ಸರಾಸರಿ 50ಕ್ಕೂ ಜಾಸ್ತಿ ಅಪಘಾತ. ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಪೆಟ್ರೋಲ್ ಪೂರ್ತಿ ಖಾಲಿ. ಇನ್ನು ಮೂರನೇ ಒಂದು ಭಾಗದಷ್ಟು ನನಗೆ ಹೆಚ್ಚು ಸಂಕಟ ತರುತ್ತವೆ. ವಿಮಾನದಲ್ಲಿ ಪೆಟ್ರೋಲ್ ಇತ್ತು, ಇಂಜಿನ್‌ಗೆ ತಲುಪಲಿಲ್ಲ.

ಗಾಯಕ ಜಾನ್ ಡೆನ್ವರ್ ತೀರಿಕೊಂಡದ್ದು 1997ರ ಅಕ್ಟೋಬರ್ 12ರಂದು, ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ. ಹೊಸದಾಗಿ ಕೊಂಡ ಲಾಂಗ್-ಈಝಡ್ ವಿಮಾನ. ಟ್ಯಾಂಕ್ ಬದಲಿಸುವ ಹಿಡಿಕೆ ಪೈಲಟ್‌ನ ಎಡ ಭುಜದ ಹಿಂದೆ ಇತ್ತು. ಇಂಧನದ ಮಟ್ಟ ತೋರಿಸುವ ಗಾಜೂ ಹಿಂದೆಯೇ. ನೋಡಿಕೊಳ್ಳಲಿ ಅಂತ ಮೆಕ್ಯಾನಿಕ್ ಒಂದು ಕನ್ನಡಿ ಕೊಟ್ಟರು. ಪೆಟ್ರೋಲ್ ಹಾಕಿಸೋಣವೇ ಅಂದದ್ದಕ್ಕೆ, ಸುಮ್ನೆ ಒಂದು ಗಂಟೆ ಹಾರಾಟ, ಬೇಡ ಅಂದರು ಡೆನ್ವರ್. ತನಿಖೆಯ ಪ್ರಕಾರ ಆ ಹಿಡಿಕೆ ತಿರುಗಿಸಲು ಹೋದಾಗ ಅವರ ಗಮನ ತಪ್ಪಿತು, ವಿಮಾನದ ಮೂತಿ ತಿರುಗಿಸುವ ಬಲಗಡೆಯ ರಡ್ಡರ್ ಪೆಡಲ್ ತಿಳಿಯದೆ ಒತ್ತಿಹೋಯಿತು, ವಿಮಾನ ಹತೋಟಿ ತಪ್ಪಿತು. ಪೆಟ್ರೋಲ್ ಹಾಕಿಸದೆ ಹೊರಟದ್ದನ್ನೂ ಮಂಡಳಿ ಕಾರಣವಾಗಿ ಬರೆಯಿತು.

ಇಂಜಿನ್ ನಿಂತರೂ ವಿಮಾನ ಕಲ್ಲಿನ ಹಾಗೆ ಬೀಳುವುದಿಲ್ಲ. 172ಎಸ್ ಅನ್ನು 68 ನಾಟ್, ಅಂದರೆ ಗಂಟೆಗೆ ಸುಮಾರು 126 ಕಿಲೋಮೀಟರ್ ವೇಗದಲ್ಲಿ ಹಿಡಿದರೆ, ಗಾಳಿಯಿಲ್ಲದಾಗ ಪ್ರತಿ ಸಾವಿರ ಅಡಿ ಎತ್ತರಕ್ಕೆ ಸುಮಾರು ಎರಡೂವರೆ ಕಿಲೋಮೀಟರ್ ತೇಲುತ್ತದೆ. ಮೊದಲು ಆ ವೇಗ ಹಿಡಿಯಿರಿ. ಆಮೇಲೆ ಜಾಗ ನೋಡಿ. ಟ್ಯಾಂಕ್ ಬದಲಿಸಿ ಇಂಜಿನ್ ಎಬ್ಬಿಸಲು ನೋಡುವುದು ಅದರ ನಂತರ.

ನಮ್ಮ ಕಡೆ ಕೊಯ್ಲಾದ ರಾಗಿ ಹೊಲ ಒಳ್ಳೆಯದು. ನೀರು ನಿಂತ ಗದ್ದೆ ಬೇಡ, ಮುಂದಿನ ಚಕ್ರ ಹೂತು ವಿಮಾನ ಮಗುಚುತ್ತದೆ. ರಸ್ತೆ ಚೆನ್ನಾಗಿ ಕಾಣುತ್ತದೆ, ಆದರೆ ಪಕ್ಕದಲ್ಲಿ ಕರೆಂಟ್ ತಂತಿ ಇರುತ್ತದೆ. ಮೇಲಿನಿಂದ ತಂತಿ ಕಾಣುವುದಿಲ್ಲ, ಕಂಬ ಹುಡುಕಿ. ಗಾಳಿ ಯಾವ ಕಡೆಯದು ಅನ್ನುವುದನ್ನು ಒಲೆಯ ಹೊಗೆ, ಕೆರೆಯ ಅಲೆ ಹೇಳುತ್ತವೆ.

ಇನ್ನೊಂದು ಮಾತು. ಮುಳ್ಳು ಇಳಿಯುತ್ತಿದೆ, ಊರು ದೂರ ಇದೆ ಅನ್ನಿಸಿದಾಗ ಇಂಜಿನ್ ಓಡುತ್ತಿರುವಾಗಲೇ ಹತ್ತಿರದ ಏರ್‌ಫೀಲ್ಡ್‌ಗೆ ಇಳಿದುಬಿಡಿ. ಅದೂ ಇಲ್ಲದಿದ್ದರೆ ಒಳ್ಳೆಯ ಹೊಲಕ್ಕೆ. ಆಗ ಒಂದು ಸುತ್ತು ಹಾಕಿ ಜಾಗ ನೋಡಬಹುದು, ಸರಿ ಇಲ್ಲದಿದ್ದರೆ ಮತ್ತೆ ಏರಬಹುದು. ಇಂಜಿನ್ ನಿಂತ ಮೇಲೆ ಒಂದೇ ಸಲ. ಜನ ಏನಂದಾರು ಅನ್ನುವ ನಾಚಿಕೆಗೆ ಇನ್ನೂ ಹತ್ತು ನಿಮಿಷ ಎಳೆಯುತ್ತಾರೆ. ಆ ಹತ್ತು ನಿಮಿಷದ ಬಗ್ಗೆಯೇ ನನಗೆ ಭಯ.

ಇಂಜಿನ್ ನಿಂತು ಹೊಲಕ್ಕೆ ಇಳಿಯುವುದಾದರೆ, ನೆಲ ಮುಟ್ಟುವ ಮುಂಚೆ ಇಂಧನದ ವಾಲ್ವ್ ಮುಚ್ಚಿ, ಕರೆಂಟಿನ ಮಾಸ್ಟರ್ ಸ್ವಿಚ್ ಆರಿಸಿ, ಬಾಗಿಲಿನ ಚಿಲಕ ತೆಗೆದಿಡಿ. ಪೆಟ್ಟು ಬಿದ್ದು ಚೌಕಟ್ಟು ಬಾಗಿದರೆ ಮುಚ್ಚಿದ ಬಾಗಿಲು ಆಮೇಲೆ ತೆರೆಯುವುದಿಲ್ಲ.